ಎರಡು ನುಡಿಯ ಮಗಳು

ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಒಂದು ಗಳಿಗೆ ನಿಂತವರಿಗೆ ಮೂರು ಭಾಷೆಗಳು ಕಿವಿಗೆ ಬೀಳುವುವು. ಆ ಊರಿನಿಂದ ಹೊರಟ ಒಂದು ದಾರಿ ಬಂಡೀಪುರದ ಕಾಡನ್ನು ಹಾದು ನೀಲಗಿರಿಯ ಕಡೆಗೆ ಏರುತ್ತದೆ. ಇನ್ನೊಂದು ಮೂಲೆಹೊಳೆಯ ಮಾರ್ಗವಾಗಿ ವೈನಾಡಿಗೆ ಹೋಗುತ್ತದೆ. ಹೂವು ತರಕಾರಿಗಳನ್ನು ಕೊಳ್ಳಲು ಬಂದ ವರ್ತಕನು ಮಲೆಯಾಳದಲ್ಲಿ ಕೇಳುತ್ತಾನೆ. ರೈತನು ಕನ್ನಡದಲ್ಲಿ ಬೆಲೆ ಹೇಳುತ್ತಾನೆ. ಲಾರಿಯವನು ತಮಿಳಿನಲ್ಲಿ ಅವಸರಪಡಿಸುತ್ತಾನೆ. ಮೂವರಿಗೂ ಮೂವರ ಮಾತು ಬೇಕಾದಷ್ಟು ತಿಳಿಯುತ್ತದೆ. ವ್ಯಾಪಾರ ಮುಗಿದ ಮೇಲೆ ಅವರವರು ಅವರವರ ಮನೆಗೆ ತೆರಳುತ್ತಾರೆ. ನಿನ್ನದು ಯಾವ ಭಾಷೆ, ನೀನು ಯಾರವನು ಎಂಬ ಪ್ರಶ್ನೆ ಅಲ್ಲಿ ಯಾರನ್ನೂ ನೋಯಿಸುವುದಿಲ್ಲ.

ವಯಸ್ಸು ಬಲಿತವರಿಗೆ ಪರಭಾಷೆಯೆಂಬುದು ಕೊಡೆಯಿದ್ದಂತೆ. ಬೇಕಾದಾಗ ಬಿಚ್ಚುತ್ತಾರೆ, ಬೇಡವಾದಾಗ ಮಡಿಸಿ ಮೂಲೆಯಲ್ಲಿಡುತ್ತಾರೆ. ಹದಿಮೂರು ಹದಿನಾಲ್ಕು ವರ್ಷದ ಹೆಣ್ಣುಮಗಳ ಸ್ಥಿತಿ ಹಾಗಲ್ಲ. ಅವಳು ಆ ವಯಸ್ಸಿನಲ್ಲಿ ತಾನು ಯಾರು ಎಂಬುದನ್ನು ಕಂಡುಕೊಳ್ಳುತ್ತಿರುತ್ತಾಳೆ. ಆ ಹುಡುಕಾಟಕ್ಕೆ ಅವಳ ಕೈಯಲ್ಲಿರುವ ಸಾಧನವೆಂದರೆ ಮಾತೇ. ಮನೆಯಲ್ಲಿ ಒಂದು ಮಾತು, ಪಾಠಶಾಲೆಯಲ್ಲಿ ಇನ್ನೊಂದು ಮಾತು ಇದ್ದಾಗ, ಯಾವುದು ತನ್ನದು, ಯಾವುದು ಎರವಲು ಎಂಬ ಸಂದೇಹ ಅವಳನ್ನು ಒಳಗೊಳಗೇ ಕೊರೆಯುವುದುಂಟು. ಇಂಥ ಹುಡುಗಿಯ ವಿಷಯದಲ್ಲಿ ಮನೆಯವರೂ ನೆರೆಯವರೂ ಹೇಗೆ ನಡೆದುಕೊಳ್ಳತಕ್ಕದ್ದು ಎಂಬುದನ್ನು ಈ ತಿಂಗಳು ನಮ್ಮ ಓದುಗರೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಈ ವಿಚಾರಕ್ಕೆ ಚಾಮರಾಜನಗರದ ಸೀಮೆಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಅರಿಕುಠಾರವೆಂದು ಹೆಸರಾಗಿದ್ದ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು ೧೮೧೮ರಲ್ಲಿ ತಮ್ಮ ತಂದೆಯವರ ಹೆಸರನ್ನಿಟ್ಟು ಚಾಮರಾಜನಗರವೆಂದು ಕರೆದರು. ಇದರ ನೆರೆಯ ಕೊಳ್ಳೇಗಾಲವು ೧೯೫೬ರವರೆಗೂ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ವರ್ಷದ ನವೆಂಬರ್ ೧ರಂದು ರಾಜ್ಯಗಳು ಪುನರ್ವಿಂಗಡವಾದಾಗ ಮೈಸೂರಿಗೆ ಸೇರಿತು. ಅದೇ ಮಗ್ಗುಲಿನ ತಾಳವಾಡಿಯ ಸೀಮೆ ಮದರಾಸಿನಲ್ಲಿಯೇ ಉಳಿಯಿತು. ೧೯೯೭ರಲ್ಲಿ ಚಾಮರಾಜನಗರವು ಮೈಸೂರು ಜಿಲ್ಲೆಯಿಂದ ಬೇರೆಯಾಗಿ ತಾನೇ ಒಂದು ಜಿಲ್ಲೆಯ ಮುಖ್ಯಪಟ್ಟಣವಾಯಿತು. ಇಷ್ಟೆಲ್ಲ ನಡೆದರೂ ಜನರು ತಾವಿದ್ದ ಹಳ್ಳಿಗಳಲ್ಲಿಯೇ ಇದ್ದರು. ಎಲ್ಲೆಗಳು ಮಾತ್ರ ಅವರ ಹೊಲಗಳ ನಡುವೆ ಅತ್ತಿತ್ತ ಸರಿದಾಡಿದವು. ಎಲ್ಲೆ ಸರಿದಲ್ಲಿ ಪಾಠಶಾಲೆಯ ಭಾಷೆಯೂ ಕಚೇರಿಯ ಭಾಷೆಯೂ ಸರಿಯುತ್ತವೆ. ಅಡಿಗೆಮನೆಯ ಭಾಷೆ ಅಷ್ಟು ಬೇಗ ಸರಿಯುವುದಿಲ್ಲ. ತೊಡಕು ಹುಟ್ಟುವುದೇ ಅಲ್ಲಿ.

ಆದರೆ ಈ ಜಿಲ್ಲೆಯಲ್ಲಿ ಎರಡು ನುಡಿಗಳ ನಡುವೆ ಬೆಳೆಯುವವರೆಲ್ಲರಿಗಿಂತ ಹೆಚ್ಚು ಇಕ್ಕಟ್ಟಿನಲ್ಲಿರುವವಳು ಸೋಲಿಗರ ಹುಡುಗಿ. ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರನ ಬೆಟ್ಟಗಳ ಕಾಡುಗಳಲ್ಲಿ ಸೋಲಿಗರು ಅನಾದಿಯಿಂದ ಇರತಕ್ಕವರು. ಅವರ ಊರಿಗೆ ಪೋಡು ಎಂದು ಹೆಸರು. ಅವರ ಮನೆಮಾತು ಸೋಲಿಗನುಡಿ. ಅದನ್ನು ಕೆಲವರು ಕನ್ನಡದ್ದೇ ಒಂದು ಒಳನುಡಿಯೆನ್ನುತ್ತಾರೆ. ಕೆಲವರು ಕನ್ನಡ ತಮಿಳುಗಳ ಸೋದರಿಯಾದ ಬೇರೆಯೇ ನುಡಿಯೆನ್ನುತ್ತಾರೆ. ವಿದ್ವಾಂಸರ ವಾದ ಹೇಗಾದರೂ ಇರಲಿ, ಪೋಡಿನಿಂದ ಹೊರಬಂದ ಹುಡುಗಿಗೆ ತನ್ನ ಮಾತು ಬೇರೆ ಎಂಬುದು ಮೊದಲ ದಿನವೇ ತಿಳಿಯುತ್ತದೆ. ಸಹಪಾಠಿಗಳ ನಗುವೇ ಅದನ್ನು ತಿಳಿಸಿಕೊಡುತ್ತದೆ.

ಒಂದು ಕಾಲದಲ್ಲಿ ಈ ಹುಡುಗಿಗೆ ಪಾಠಶಾಲೆಯೇ ಇರಲಿಲ್ಲ. ಡಾಕ್ಟರ್ ಎಚ್. ಸುದರ್ಶನ್ ಅವರು ಬಿಳಿಗಿರಿರಂಗನ ಬೆಟ್ಟದಲ್ಲಿ ವೈದ್ಯವೃತ್ತಿಯನ್ನು ಕೈಕೊಂಡು, ೧೯೮೧ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದ ಮೇಲೆ, ಆಸ್ಪತ್ರೆಯೊಡನೆ ಅಲ್ಲಿ ವಿದ್ಯಾಭ್ಯಾಸದ ಏರ್ಪಾಡೂ ಬೆಳೆಯಿತು. ಸರ್ಕಾರದ ಆಶ್ರಮಶಾಲೆಗಳೂ ಇವೆ. ಹೀಗೆ ಕನ್ನಡದ ಓದುಬರಹ ಪೋಡುಗಳನ್ನು ಮುಟ್ಟಿತು. ಇದು ದೊಡ್ಡ ಉಪಕಾರವೆಂಬುದರಲ್ಲಿ ಸಂದೇಹವಿಲ್ಲ. ಕನ್ನಡ ಬಾರದವನು ಕಚೇರಿಯಲ್ಲಿ ಮೂಕ, ಸಂತೆಯಲ್ಲಿ ಮೋಸಹೋಗುವವನು. ಆದುದರಿಂದ ಹುಡುಗಿಗೆ ಪಾಠಶಾಲೆ ಬೇಡವೆಂದು ಹೇಳುವವರು ಅವಳ ಹಿತೈಷಿಗಳಲ್ಲ. ಬೇನೆ ಇರುವುದು ಬೇರೊಂದು ಕಡೆ.

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳೋಣ. ಪಟ್ಟಣದ ವಿದ್ಯಾರ್ಥಿನಿಲಯದಲ್ಲಿದ್ದು ಓದುತ್ತಿರುವ ಒಬ್ಬ ಹುಡುಗಿ. ಭಾನುವಾರ ಅವಳನ್ನು ನೋಡಲು ಪೋಡಿನಿಂದ ಅಜ್ಜಿ ಬರುತ್ತಾಳೆ. ಸೆರಗಿನಲ್ಲಿ ನೆಲ್ಲಿಕಾಯಿ ಕಟ್ಟಿ ತಂದಿರುತ್ತಾಳೆ. ಬಾಗಿಲಲ್ಲಿ ನಿಂತು, ಮನೆಯ ಮಾತಿನಲ್ಲಿ, ಕಾಡಿನಲ್ಲಿ ಕೂಗುವ ಹಾಗೆ ಗಟ್ಟಿಯಾಗಿ ಮೊಮ್ಮಗಳ ಹೆಸರು ಹಿಡಿದು ಕರೆಯುತ್ತಾಳೆ. ಹುಡುಗಿ ಓಡಿಬಂದು ಅಜ್ಜಿಯನ್ನು ಮರೆಗೆ ಕರೆದುಕೊಂಡು ಹೋಗುತ್ತಾಳೆ. ಪುಸ್ತಕದ ಕನ್ನಡದಲ್ಲಿ ಮೆಲ್ಲಗೆ ನಾಲ್ಕು ಮಾತಾಡಿ ಬೇಗನೆ ಕಳುಹಿಸಿಬಿಡುತ್ತಾಳೆ. ಹಿಂದಿರುಗಿದಾಗ ಗೆಳತಿಯರು, “ಯಾರೇ ಅವರು?” ಎಂದು ಕೇಳುತ್ತಾರೆ. ಹುಡುಗಿ, “ಯಾರೋ ನಮ್ಮ ಊರಿನವರು” ಎನ್ನುತ್ತಾಳೆ.

“ನಮ್ಮಜ್ಜಿ” ಎಂಬ ಒಂದು ಮಾತು ಅವಳ ಬಾಯಿಂದ ಹೊರಡಲಿಲ್ಲ. ಇದನ್ನು ಕೃತಘ್ನತೆಯೆಂದು ಕರೆಯುವುದು ಸುಲಭ, ಆದರೆ ನ್ಯಾಯವಲ್ಲ. ಆ ಹುಡುಗಿ ಅಜ್ಜಿಯನ್ನು ತೊರೆಯಲಿಲ್ಲ, ನಗುವಿಗೆ ಹೆದರಿದಳು. ಎರಡು ನುಡಿಗಳು ಅವಳನ್ನು ಸೀಳಲಿಲ್ಲ. ಒಂದು ನುಡಿ ಮೇಲು, ಇನ್ನೊಂದು ಕೀಳು ಎಂದು ಅವಳ ಸುತ್ತಲಿನವರು ಕಲಿಸಿದ ಪಾಠ ಸೀಳಿತು. ಆ ರಾತ್ರಿ ಅವಳು ನೆಲ್ಲಿಕಾಯನ್ನು ತಿಂದಳೋ ಬಿಟ್ಟಳೋ, ಅವಳ ಮನಸ್ಸಿಗೆ ಆದ ಗಾಯವನ್ನು ಯಾವ ಪರೀಕ್ಷೆಯ ಅಂಕಪಟ್ಟಿಯೂ ತೋರಿಸುವುದಿಲ್ಲ.

ಹಾಗೆ ಮರೆಮಾಚಿದ ನುಡಿಯಲ್ಲಿ ಏನಿದೆ ಎಂಬುದನ್ನು ಸ್ವಲ್ಪ ನೋಡಬೇಕು. ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಮಾತುಂಟು. ಬೇಸಿಗೆ ಬಲಿಯುವುದಕ್ಕೆ ಮುಂಚೆಯೇ ಉದುರಿದ ತರಗೆಲೆಗೆ ಹಿಡಿಸುವ ಸಣ್ಣ ಬೆಂಕಿಯದು. ಅದು ಮರವನ್ನು ಸುಡದೆ ನೆಲವನ್ನು ಹಸನುಮಾಡುವುದು, ಕಳೆಯನ್ನು ಅಡಗಿಸುವುದು, ನೆಲ್ಲಿಯ ಮರವನ್ನು ಹೀರಿ ಬದುಕುವ ಬದನಿಕೆಯನ್ನು ಹತ್ತಿಕ್ಕುವುದು. ೧೯೭೪ರಲ್ಲಿ ಆ ಕಾಡು ವನ್ಯಪ್ರಾಣಿಗಳ ಅಭಯಧಾಮವಾದ ಮೇಲೆ ಬೆಂಕಿಯೂ ಬೇಸಾಯವೂ ನಿಷಿದ್ಧವಾದುವು. ಮುಂದೆ ಲಂಟಾನದ ಪೊದೆ ಕಾಡನ್ನೆಲ್ಲ ಹಬ್ಬಿತು. ತರಗು ಬೆಂಕಿ ನಿಂತುದರಿಂದಲೇ ಹೀಗಾಯಿತೆಂದು ಸೋಲಿಗ ಮುದುಕರು ಹೇಳುತ್ತಲೇ ಬಂದರು. ಬಹಳ ವರ್ಷಗಳ ಮೇಲೆ ಸಂಶೋಧಕರು ಅದೇ ಮಾತನ್ನು ಲಕ್ಷ್ಯವಿಟ್ಟು ಕೇಳಿ, ಪರೀಕ್ಷಿಸಿ, ತಮ್ಮ ಪ್ರಬಂಧಗಳಲ್ಲಿ ಬರೆದರು. ಮುದುಕರ ಮಾತನ್ನು ಮೊಮ್ಮಕ್ಕಳೇ ಅರಿಯದೆ ಹೋಗಿದ್ದರೆ ಆ ವಿದ್ಯೆ ತರಗೆಲೆಯೊಡನೆಯೇ ಮಣ್ಣುಪಾಲಾಗುತ್ತಿತ್ತು.

ಇನ್ನೊಂದು ನಿದರ್ಶನ. ಸೋಲಿಗರ ಒಂದೊಂದು ಕುಲಕ್ಕೂ ಕಾಡಿನಲ್ಲಿ ತನ್ನದೇ ಆದ ಎಲ್ಲೆಯುಂಟು. ಆ ಎಲ್ಲೆಯೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪೂಜ್ಯಸ್ಥಾನಗಳಿರುವುವು. ಭಾರ್ಗವಿಯ ದಡದಲ್ಲಿರುವ ದೊಡ್ಡ ಸಂಪಿಗೆಯ ಮರ ನಮ್ಮಲ್ಲಿ ಅನೇಕರು ಕಂಡು ಕೈಮುಗಿದಿರುವುದೇ. ಅದರಂಥ ನೂರಾರು ತಾಣಗಳು ಸೋಲಿಗರಿಗಲ್ಲದೆ ಹೊರಗಿನವರಿಗೆ ತಿಳಿಯವು. ಅರಣ್ಯವಾಸಿಗಳ ಹಕ್ಕಿನ ಶಾಸನ ೨೦೦೬ರಲ್ಲಿ ಬಂದಿತು. ೨೦೧೧ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು ಹುಲಿಗಳ ರಕ್ಷಿತ ಪ್ರದೇಶವಾದ ವರ್ಷವೇ, ಅಲ್ಲಿನ ಅನೇಕ ಪೋಡುಗಳ ಸೋಲಿಗರಿಗೆ ಕಾಡಿನ ಮೇಲೆ ಸಮುದಾಯದ ಹಕ್ಕುಗಳೂ ಮಾನ್ಯವಾದುವು. ಈ ವರ್ಷಗಳಲ್ಲಿಯೇ ಹಿರಿಯರ ಬಾಯಲ್ಲಿದ್ದ ತಾಣಗಳ ಹೆಸರುಗಳನ್ನು ನಕ್ಷೆಯ ಮೇಲೆ ಗುರುತಿಸುವ ಕೆಲಸವೂ ನಡೆಯಿತು. ಇಂಥ ಕೆಲಸಕ್ಕೆ ಎಂಥವರು ಬೇಕು? ಅರ್ಜಿಯನ್ನು ಓದಿ ಬರೆಯಬಲ್ಲವರು ಬೇಕು. ಅಬ್ಬಿ ಎಲ್ಲಿದೆ, ಕಲ್ಲುಗುಡಿ ಎಲ್ಲಿದೆ ಎಂದು ಅಜ್ಜನನ್ನು ಅಜ್ಜನ ಮಾತಿನಲ್ಲಿಯೇ ಕೇಳಬಲ್ಲವರೂ ಬೇಕು. ಒಂದೇ ನುಡಿ ಬಲ್ಲವನಿಂದ ಅರ್ಧ ಕೆಲಸವಷ್ಟೇ ಆಗುವುದು. ಎರಡನ್ನೂ ಬಲ್ಲ ಮಗಳು ಮನೆಗೆ ಹೊರೆಯಲ್ಲ. ಕುಲದ ಆಸ್ತಿಯನ್ನು ಕಾಯಬಲ್ಲವಳು ಅವಳೇ.

ಸೋಲಿಗರ ಐತಿಹ್ಯದಲ್ಲಿಯೇ ಈ ಪ್ರಶ್ನೆಗೆ ಒಂದು ಸಮಾಧಾನ ಅಡಗಿದೆಯೆಂದು ನನಗೆ ತೋರುತ್ತದೆ. ಬೆಟ್ಟದ ರಂಗನಾಥಸ್ವಾಮಿಯು ಸೋಲಿಗರ ಹೆಣ್ಣು ಕುಸುಮಾಲೆಯನ್ನು ಮೆಚ್ಚಿ ಕೈಹಿಡಿದನೆಂದು ಅವರು ಹಾಡಿ ಹೇಳುತ್ತಾರೆ. ಆ ನಂಟಿನಿಂದ ಸ್ವಾಮಿಯನ್ನು ‘ಭಾವ’ ಎಂದು ಕರೆಯುತ್ತಾರೆ. ಈ ಮಾತಿನ ಗೌರವವನ್ನು ಗಮನಿಸಬೇಕು. ನಮ್ಮ ಹುಡುಗಿ ದೊಡ್ಡ ಗುಡಿಗೆ ಹೋಗಿ ನಮ್ಮನ್ನು ಮರೆತಳೆಂದು ಅವರು ಅಳಲಿಲ್ಲ. ಗುಡಿಯ ದೇವರೇ ನಮಗೆ ನೆಂಟನಾದನೆಂದು ಹೆಮ್ಮೆಪಟ್ಟರು. ಹೊರಗಿನ ಲೋಕಕ್ಕೆ ಹೆಣ್ಣು ಕೊಟ್ಟವರು ಚಿಕ್ಕವರಾಗಲಿಲ್ಲ. ಆ ಲೋಕದೊಡನೆ ಸರಿಸಮನಾಗಿ ಬೀಗರಾದರು.

ನಮ್ಮ ಗೃಹಿಣಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರತಿಯೊಬ್ಬ ಹೆಣ್ಣುಮಗಳೂ ತವರುಮನೆ, ಅತ್ತೆಮನೆ ಎಂಬ ಎರಡು ಮನೆಗಳ ನಡುವೆ ಬಾಳತಕ್ಕವಳೇ. ಎರಡು ಮನೆಯ ಸಾರಿನ ಹದ ಬೇರೆ, ಹಬ್ಬದ ಕ್ರಮ ಬೇರೆ, ಎಷ್ಟೋ ಕಡೆ ಮಾತೂ ಬೇರೆ. ತವರಿನ ಹೆಸರೆತ್ತಿದರೆ ನಾಚುವ ಸೊಸೆಯನ್ನು ಅತ್ತೆಯಾದವಳೂ ಮನಸ್ಸಿನಲ್ಲಿ ಗೌರವಿಸಲಾರಳು. ಹಗಲಿರುಳು ತವರಿನ ಕಡೆಗೇ ಮುಖಮಾಡಿ ಕುಳಿತವಳಿಗೂ ಬಾಳು ಹತ್ತುವುದಿಲ್ಲ. ಎರಡು ಮನೆಯನ್ನೂ ತನ್ನದೆಂದು ತಿಳಿದವಳೇ ಜಾಣೆ. ಮನೆಯ ನುಡಿಯೆಂಬುದು ಹುಡುಗಿಗೆ ತವರು. ಪಾಠಶಾಲೆಯ ನುಡಿಯೆಂಬುದು ಅವಳು ಬಾಳಿ ಬದುಕಬೇಕಾದ ಮನೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ನಾವು ಯಾವ ಸೊಸೆಗೂ ಹೇಳುವುದಿಲ್ಲ. ಹದಿನಾಲ್ಕರ ಹುಡುಗಿಗೆ ಮಾತ್ರ ಯಾತಕ್ಕೆ ಹೇಳಬೇಕು?

ಎರಡು ನುಡಿ ಕಲಿತರೆ ಮಗುವಿನ ಬುದ್ಧಿ ಮಂಕಾಗುವುದೆಂಬ ಭಯ ಕೆಲವು ತಂದೆತಾಯಿಗಳಲ್ಲಿ ಇನ್ನೂ ಇದೆ. ಹಿಂದೆ ಪಾಶ್ಚಾತ್ಯ ಪಂಡಿತರಲ್ಲಿಯೂ ಹಲವರು ಹಾಗೆಯೇ ನಂಬಿದ್ದರು. ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ಪೀಲ್, ಲ್ಯಾಂಬರ್ಟ್ ಎಂಬ ಇಬ್ಬರು ವಿದ್ವಾಂಸರು ಫ್ರೆಂಚ್ ಇಂಗ್ಲಿಷ್ ಎರಡನ್ನೂ ಚೆನ್ನಾಗಿ ಬಲ್ಲ ಹತ್ತು ವರ್ಷದ ಮಕ್ಕಳನ್ನು ಒಂದೇ ಭಾಷೆಯ ಮಕ್ಕಳೊಡನೆ ಹೋಲಿಸಿ ನೋಡಿ, ೧೯೬೨ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಎರಡು ಭಾಷೆಯ ಮಕ್ಕಳು ಹಿಂದೆ ಬೀಳಲಿಲ್ಲ. ಬುದ್ಧಿಯ ಪರೀಕ್ಷೆಗಳಲ್ಲಿ ಮುಂದೆಯೇ ಇದ್ದರು.

ಇದಕ್ಕಾಗಿ ಕೆನಡಾದವರೆಗೂ ಹೋಗಬೇಕಾಗಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಮನೆಮಾತು ತಮಿಳು. ಬೇಂದ್ರೆಯವರ ಮನೆಮಾತು ಮರಾಠಿ. ಇವರಿಬ್ಬರನ್ನು ತೆಗೆದರೆ ಈ ಶತಮಾನಗಳ ಕನ್ನಡ ಸಾಹಿತ್ಯದಲ್ಲಿ ಏನು ಉಳಿಯುವುದೆಂದು ಓದುಗರೇ ಹೇಳಲಿ. ಹೆಣ್ಣುಮಕ್ಕಳ ಉದಾಹರಣೆ ಬೇಕೆನ್ನುವವರು ಸಾರಾ ಅಬೂಬಕ್ಕರ್ ಅವರನ್ನು ನೆನೆಯಬಹುದು. ೧೯೩೬ರಲ್ಲಿ ಕಾಸರಗೋಡಿನಲ್ಲಿ ಜನಿಸಿದ ಆಕೆಯ ಮನೆಮಾತು ಮಲೆಯಾಳ. ಓದಿದುದು ಕನ್ನಡದ ಪಾಠಶಾಲೆಯಲ್ಲಿ. ಅವರ ಕುಲದಲ್ಲಿ ಹೆಣ್ಣುಮಕ್ಕಳು ಓದುವುದೇ ಅಪರೂಪವಾಗಿದ್ದ ಕಾಲವದು. ಆಕೆ ಬರೆದ ‘ಚಂದ್ರಗಿರಿಯ ತೀರದಲ್ಲಿ’ ಎಂಬ ಕಾದಂಬರಿಯಲ್ಲಿ ಬರುವ ತಾಯಿ ಮಗಳ ಸಂಕಟ ಅವರ ಮನೆಯ ನುಡಿಯ ಲೋಕದ್ದು. ಅದನ್ನು ಹೇಳಿದ ಬಾಯಿ ಪಾಠಶಾಲೆಯ ನುಡಿಯದು. ಮನೆಯನ್ನು ಅರಿಯದವಳು ಆ ಕಥೆಯನ್ನು ಕಾಣುತ್ತಿರಲಿಲ್ಲ. ಪಾಠಶಾಲೆಗೆ ಹೋಗದವಳು ಅದನ್ನು ನಮಗೆ ಮುಟ್ಟಿಸುತ್ತಿರಲಿಲ್ಲ. ೨೦೨೩ರಲ್ಲಿ ಆಕೆ ತೀರಿಕೊಂಡಾಗ ಕನ್ನಡಿಗರೆಲ್ಲರೂ ತಮ್ಮವಳನ್ನು ಕಳೆದುಕೊಂಡಂತೆ ದುಃಖಿಸಿದರು.

ಆದರೆ ಇಲ್ಲಿ ಒಂದು ಭೇದವನ್ನು ಮುಚ್ಚಿಡಬಾರದು. ತಮಿಳು, ಮರಾಠಿ, ಮಲೆಯಾಳಗಳಿಗೆ ಲಿಪಿಯಿದೆ, ಗ್ರಂಥಗಳಿವೆ, ಕೋಟಿಗಟ್ಟಲೆ ಜನರ ಬಲವಿದೆ. ಮಾಸ್ತಿಯವರು ಕನ್ನಡದಲ್ಲಿ ಬರೆದರೆಂದು ತಮಿಳು ಬಡವಾಗಲಿಲ್ಲ. ಕರ್ಣಾಟಕದ ಸೋಲಿಗರಾದರೋ ೨೦೧೧ರ ಜನಗಣತಿಯಲ್ಲಿ ಸುಮಾರು ೩೦ ಸಾವಿರಕ್ಕೆ ಸ್ವಲ್ಪ ಮಿಕ್ಕಿದವರು. ಅವರ ನುಡಿಗೆ ತನ್ನದೇ ಆದ ಲಿಪಿಯಿಲ್ಲ, ಪಠ್ಯಪುಸ್ತಕದಲ್ಲಿ ಸ್ಥಾನವಿಲ್ಲ. ಒಬ್ಬ ಹುಡುಗಿ ನಾಚಿ ಸುಮ್ಮನಾದರೆ ನಾಳೆ ಅವಳ ಮಕ್ಕಳಿಗೆ ಆ ನುಡಿ ಬಾರದು. ಬೀಗ ಬಿದ್ದ ತವರಿಗೆ ಹಬ್ಬಕ್ಕೆ ಹೋಗುವುದು ಹೇಗೆ?

ಸೋಲಿಗರು ನಮ್ಮ ಗಡಿಯ ಆಚೆ, ತಮಿಳುನಾಡಿನ ಸತ್ಯಮಂಗಲದ ಕಡೆಯ ಬೆಟ್ಟಗಳಲ್ಲಿಯೂ ಇದ್ದಾರೆ. ಆ ಕಡೆಯ ಹುಡುಗಿ ತಮಿಳಿನಲ್ಲಿ ಓದುತ್ತಾಳೆ, ಈ ಕಡೆಯವಳು ಕನ್ನಡದಲ್ಲಿ. ಇಬ್ಬರೂ ಒಂದು ಮದುವೆಯಲ್ಲಿ ಸೇರಿದರೆ, ಅಕ್ಕತಂಗಿಯರಂತೆ ಮಾತಾಡಲು ಅವರಿಗೆ ಉಳಿಯುವುದು ಮನೆಯ ನುಡಿಯೊಂದೇ. ಅದೂ ಹೋದ ಮೇಲೆ ಒಂದೇ ರಕ್ತದವರು ಒಬ್ಬರಿಗೊಬ್ಬರು ಪರದೇಶಿಗಳು.

ಇದೇ ಗಡಿಯಲ್ಲಿ ಕನ್ನಡಿಗರಾದ ನಾವು ನೋಡಿ ಕಲಿಯಬೇಕಾದ ಕನ್ನಡಿಯೊಂದಿದೆ. ತಾಳವಾಡಿಯ ಹಳ್ಳಿಗಳಲ್ಲಿ ಬಹುಮಂದಿಯ ಮನೆಮಾತು ಕನ್ನಡ. ರಾಜ್ಯದ ಮಾತು ತಮಿಳು. ನಟ ರಾಜ್‌ಕುಮಾರರು ೧೯೨೯ರಲ್ಲಿ ಹುಟ್ಟಿದ ಗಾಜನೂರು ಆ ಸೀಮೆಯದೇ. ಪಾಠಶಾಲೆಗಳಲ್ಲಿ ತಮಿಳನ್ನು ಕಡ್ಡಾಯವಾಗಿ ಕಲಿಸಬೇಕೆಂದು ತಮಿಳುನಾಡು ೨೦೦೬ರಲ್ಲಿ ಶಾಸನ ಮಾಡಿತು. ಅಲ್ಲಿನ ಕನ್ನಡದ ಹುಡುಗಿ ತನ್ನ ಮನೆಯ ಮಾತಿಗೆ ನಾಚುವಂತಾದರೆ ನಮಗೆ ಕರುಳು ಚುರುಕ್ಕೆನ್ನುತ್ತದೆ. ಚುರುಕ್ಕೆನ್ನಬೇಕಾದುದೇ ಸರಿ. ಆದರೆ ತಾಳವಾಡಿಯಲ್ಲಿ ಕನ್ನಡಕ್ಕೆ ಯಾವ ಸ್ಥಾನವೋ ಚಾಮರಾಜನಗರದಲ್ಲಿ ಸೋಲಿಗನುಡಿಗೆ ಅದಕ್ಕಿಂತಲೂ ಕೆಳಗಿನ ಸ್ಥಾನ. ಅಲ್ಲಿ ನಮ್ಮ ಮಗಳಿಗಾಗಿ ನಾವು ಕೇಳುವ ನ್ಯಾಯವನ್ನು ಇಲ್ಲಿ ನೆರೆಯವರ ಮಗಳಿಗೆ ನಾವು ಕೊಡಬೇಡವೆ? ನಮ್ಮ ರಾಜ್ಯಾಂಗವು ೧೯೫೬ರ ತಿದ್ದುಪಡಿಯಿಂದ, ಭಾಷೆಯ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ದೊರೆಯುವಂತೆ ರಾಜ್ಯಗಳು ಯತ್ನಿಸಬೇಕೆಂದು ಹೇಳಿದೆ. ಈ ಮಾತು ಗಡಿಯ ಎರಡು ಕಡೆಗೂ ಒಂದೇ.

ಸರ್ಕಾರದ ಕೆಲಸ ಸರ್ಕಾರಕ್ಕಿರಲಿ. ಮನೆಗಳಲ್ಲಿ ಮಾಡಬಹುದಾದುದನ್ನು ಹೇಳಿ ಮುಗಿಸುತ್ತೇನೆ.

ಮೊದಲನೆಯದಾಗಿ, ತಾಯಂದಿರು ಮಗಳೊಡನೆ ತಮಗೆ ಸಹಜವಾದ ಮಾತಿನಲ್ಲಿಯೇ ಮಾತಾಡಬೇಕು. ಮಗಳು ಓದಿದವಳೆಂದು ಅವಳೆದುರು ಬಾರದ ಮಾತನ್ನು ತಡವರಿಸುವ ತಾಯಿ, ತನ್ನ ನುಡಿ ಕೀಳೆಂದು ತಾನೇ ಒಪ್ಪಿಕೊಂಡಂತಾಗುತ್ತದೆ. ಗದರಿಸಲು, ಮುದ್ದಿಸಲು, ಕಥೆ ಹೇಳಲು ಮನೆಯ ಮಾತಿಗೆ ಸಮನಾದುದಿಲ್ಲ.

ಎರಡನೆಯದಾಗಿ, ಹುಡುಗಿಗೆ ಒಂದು ನೋಟುಪುಸ್ತಕ ಕೊಡಿಸಿರಿ. ರಜೆಯಲ್ಲಿ ಅಜ್ಜಿಯ ಬಳಿ ಕುಳಿತು ಗಿಡಮರಗಳ ಹೆಸರು, ಹಾಡು, ಒಗಟು, ಮದ್ದುಗಳನ್ನು ಬರೆದುಕೊಳ್ಳಲಿ. ಒಂದು ಪುಟದಲ್ಲಿ ಮನೆಯ ಮಾತು, ಎದುರು ಪುಟದಲ್ಲಿ ಅದರ ಕನ್ನಡ. ಸೋಲಿಗನುಡಿಗೆ ಲಿಪಿಯಿಲ್ಲವೆಂಬ ಕೊರತೆಯನ್ನು ಕನ್ನಡದ ಅಕ್ಷರಗಳು ತುಂಬಿಕೊಡುವುವು. ಪಾಠಶಾಲೆಯಲ್ಲಿ ಕಲಿತ ಅಕ್ಷರ ಅಜ್ಜಿಯ ಮಾತಿಗೆ ಉಪಯೋಗವಾದ ದಿನ ಎರಡು ನುಡಿಗಳಿಗೂ ಅವಳ ಮನಸ್ಸಿನಲ್ಲಿ ಸಂಧಿಯಾಗುತ್ತದೆ.

ಮೂರನೆಯದು ಉಪಾಧ್ಯಾಯರಿಗೂ ವಿದ್ಯಾರ್ಥಿನಿಲಯಗಳನ್ನು ನೋಡಿಕೊಳ್ಳುವವರಿಗೂ ಸಲ್ಲುವ ಮಾತು. ಹುಡುಗಿ ಮನೆಯ ಮಾತೊಂದನ್ನು ತರಗತಿಯಲ್ಲಿ ಆಡಿದರೆ “ತಪ್ಪು” ಎನ್ನಬೇಡಿರಿ. “ನಿಮ್ಮಲ್ಲಿ ಹಾಗೆನ್ನುತ್ತೀರಿ, ಪುಸ್ತಕದಲ್ಲಿ ಹೀಗೆನ್ನುತ್ತಾರೆ” ಎನ್ನಿರಿ. ಕಲಿಸಬೇಕಾದುದನ್ನು ಕಲಿಸಿದಂತೆಯೂ ಆಯಿತು. ಮಗುವಿನ ತಾಯಿಯನ್ನು ಅವಮಾನಿಸದಂತೆಯೂ ಆಯಿತು.

ನಾಲ್ಕನೆಯದು ನಮಗೆ, ಎಂದರೆ ಇಂಥ ಹುಡುಗಿಯೊಡನೆ ಒಂದೇ ಬೆಂಚಿನಲ್ಲಿ ಕೂರುವ ಮಕ್ಕಳ ತಂದೆತಾಯಿಗಳಿಗೆ. ತರಗತಿಯ ನಗು ತರಗತಿಯಲ್ಲಿ ಹುಟ್ಟುವುದಿಲ್ಲ. ಊಟಕ್ಕೆ ಕುಳಿತಾಗ ನಾವು ಕಾಡಿನವರ ಮಾತನ್ನೋ ಗಡಿಯಾಚೆಯವರ ಮಾತನ್ನೋ ಅಣಕಿಸಿ ನಕ್ಕುದನ್ನು ಮಕ್ಕಳು ಕೇಳಿಸಿಕೊಂಡಿರುತ್ತಾರೆ. ಅದನ್ನೇ ಮರುದಿನ ಬೆಂಚಿಗೆ ಕೊಂಡೊಯ್ಯುತ್ತಾರೆ. ಮಕ್ಕಳ ನಾಲಗೆಯನ್ನು ತಿದ್ದುವ ಮೊದಲು ನಮ್ಮ ನಗೆಯನ್ನು ತಿದ್ದಿಕೊಳ್ಳುವುದು ಯುಕ್ತ.

ಕಡೆಯದಾಗಿ ಒಂದು ಎಚ್ಚರಿಕೆ. ನುಡಿಯನ್ನು ಉಳಿಸುವ ಭಾರವನ್ನೆಲ್ಲ ಹದಿನಾಲ್ಕರ ಹುಡುಗಿಯ ತಲೆಯ ಮೇಲೆ ಹೊರಿಸಬಾರದು. ಅವಳು ದಾದಿಯಾಗಲಿ, ಉಪಾಧ್ಯಾಯಿನಿಯಾಗಲಿ, ದೂರದ ಊರಿನಲ್ಲಿ ಉದ್ಯೋಗಕ್ಕೆ ಸೇರಲಿ. ಕನ್ನಡವನ್ನೂ ಇಂಗ್ಲಿಷನ್ನೂ ಯಾರಿಗೂ ಕಡಿಮೆಯಿಲ್ಲದಂತೆ ಕಲಿಯಲಿ. ಸಂಪ್ರದಾಯದ ಹೆಸರಿನಲ್ಲಿ ಅವಳನ್ನು ಪೋಡಿನಲ್ಲಿ ಕಟ್ಟಿಹಾಕುವುದು, ಓದಿನ ಹೆಸರಿನಲ್ಲಿ ಪೋಡನ್ನು ಮರೆಸುವುದು, ಎರಡೂ ಒಂದೇ ಬಗೆಯ ಅನ್ಯಾಯ. ಅವಳಿಂದ ನಾವು ಬಯಸಬೇಕಾದುದು ಬಹಳವಿಲ್ಲ. ಬಾಗಿಲಲ್ಲಿ ನಿಂತವಳು ಯಾರೆಂದು ಗೆಳತಿಯರು ಕೇಳಿದಾಗ “ನಮ್ಮಜ್ಜಿ” ಎಂದು ತಲೆಯೆತ್ತಿ ಹೇಳಿ, ಒಳಕ್ಕೆ ಕರೆದುತಂದು ಕೂರಿಸುವ ಧೈರ್ಯ ಅವಳಿಗಿದ್ದರೆ ಸಾಕು. ಆ ಧೈರ್ಯವನ್ನು ಅವಳು ಒಬ್ಬಳೇ ಸಂಪಾದಿಸಲಾರಳು. ಸುತ್ತಲಿರುವ ನಾವೆಲ್ಲರೂ ಸೇರಿ ಅವಳಿಗೆ ತಂದುಕೊಡಬೇಕು.